ಸಲೀಂ ಯೂಸುಫ್: ಪರಿಧಮನಿ ಕಾಯಿಲೆ ಮತ್ತು ಚಯಾಪಚಯದ ಅಪಾಯಾಂಶಗಳ ಸಂಶೋಧನೆ

ಸಲೀಂ ಯೂಸುಫ್ (ಜನನ 1952) ಭಾರತ ಮೂಲದ ಕೆನಡಾದ ಹೃದ್ರೋಗ ತಜ್ಞ, ಎಪಿಡೆಮಿಯಾಲಜಿ ವಿದ್ವಾಂಸ. ಹುಟ್ಟಿದ್ದು ಕೇರಳದ ಕೊಟ್ಟಾರಕ್ಕರದಲ್ಲಿ. ವೈದ್ಯಕೀಯ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. 1992ರಲ್ಲಿ ಕೆನಡಾದ ಹ್ಯಾಮಿಲ್ಟನ್ ನಗರದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ಸೇರಿದ ಮೇಲೆ ಅದೇ ಅವರ ಕರ್ಮಭೂಮಿಯಾಯಿತು. ಹೃದಯಾಘಾತ ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ ಎಂಬ ಪ್ರಶ್ನೆಯನ್ನು 52 ದೇಶಗಳ ಆಸ್ಪತ್ರೆಗಳಲ್ಲಿ ಒಂದೇ ಬಗೆಯಲ್ಲಿ ಕೇಳಿದ ಇಂಟರ್‌ಹಾರ್ಟ್ ಅಧ್ಯಯನ (2004) ಅವರ ಹೆಸರಿನೊಡನೆ ಬೆಸೆದುಕೊಂಡಿದೆ.

ಈ ಅಧ್ಯಯನ ಕಂಡುಕೊಂಡ ಉತ್ತರ ಸರಳ. ಮೊದಲ ಹೃದಯಾಘಾತದ ಹಿಂದಿರುವ ಕಾರಣಗಳು ಬೆರಳೆಣಿಕೆಯಷ್ಟು. ಅವು ಜಗತ್ತಿನ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಬಹುಪಾಲು ಅಳೆಯಲು, ತಿದ್ದಲು ಬರುವಂಥವು. ‘ನಮ್ಮ ವಂಶದಲ್ಲೇ ಇದೆ’, ‘ಹಣೆಬರಹ’ ಎಂದು ಕೈಚೆಲ್ಲುವ ರೂಢಿಯಿರುವ ಸಮಾಜಗಳಿಗೆ ಈ ಉತ್ತರ ಒಂದು ಭರವಸೆ, ಒಂದು ಹೊಣೆ ಕೂಡ.

ಓದು, ವೃತ್ತಿ

ಸೇಂಟ್ ಜಾನ್ಸ್‌ನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ ಯೂಸುಫ್ 1976ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಹೃದ್ರೋಗ ತಜ್ಞ ಪೀಟರ್ ಸ್ಲೈಟ್ ಮತ್ತು ಸಂಖ್ಯಾಶಾಸ್ತ್ರಜ್ಞ ರಿಚರ್ಡ್ ಪೀಟೊ ಅವರ ಜೊತೆ ಕೆಲಸ ಮಾಡಿದರು. ಒಂದು ಔಷಧದಿಂದ ಸಾವು ನೂರಕ್ಕೆ ಹತ್ತು ಹದಿನೈದರಷ್ಟು ತಗ್ಗುವುದಾದರೆ ಅಂಥ ಲಾಭ ಇನ್ನೂರು ಮುನ್ನೂರು ರೋಗಿಗಳ ಪ್ರಯೋಗದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೆ ಸಾವಿರಾರು ರೋಗಿಗಳು ಬೇಕು. ಅಷ್ಟು ಜನರನ್ನು ಸೇರಿಸಿಕೊಳ್ಳಲು ಪ್ರಯೋಗದ ವಿಧಾನ ಸರಳವಾಗಿರಬೇಕು. 1984ರಲ್ಲಿ ರೋರಿ ಕಾಲಿನ್ಸ್ ಮತ್ತು ಪೀಟೊ ಅವರೊಂದಿಗೆ ಯೂಸುಫ್ ಬರೆದ ಪ್ರಬಂಧದ ತಿರುಳು ಇದು. 16,000ಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳಲ್ಲಿ ಅಟೆನೊಲಾಲ್ ಔಷಧವನ್ನು ಪರೀಕ್ಷಿಸಿದ ಐಸಿಸ್-1 ಪ್ರಯೋಗ (1986) ಈ ವಿಚಾರದ ಮೊದಲ ದೊಡ್ಡ ಫಲ. ದೊಡ್ಡ ಸಂಖ್ಯೆ, ಸರಳ ವಿಧಾನ, ಗಟ್ಟಿ ಉತ್ತರ ಎಂಬ ಈ ಪಾಠವನ್ನು ಅವರು ಮುಂದೆ ಎಲ್ಲಿಯೂ ಬಿಡಲಿಲ್ಲ.

1984ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯನ್ನು ಸೇರಿದರು. ದುರ್ಬಲಗೊಂಡ ಹೃದಯಕ್ಕೆ ಎನಲಾಪ್ರಿಲ್ ಔಷಧ ನೆರವಾಗುತ್ತದೆಂದು ತೋರಿಸಿದ ಸಾಲ್ವ್ಡ್ ಪ್ರಯೋಗದಲ್ಲಿ (1991) ಅವರದು ಮುಖ್ಯ ಪಾತ್ರ. ಮುಂದೆ ಹ್ಯಾಮಿಲ್ಟನ್ನಿನಲ್ಲಿ ಅವರು ಕಟ್ಟಿ ಬೆಳೆಸಿದ ಪಾಪ್ಯುಲೇಶನ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಹಲವಾರು ದೇಶಗಳ ಆಸ್ಪತ್ರೆಗಳನ್ನು ಒಂದೇ ಜಾಲಕ್ಕೆ ತಂದಿತು. 2015–16ರಲ್ಲಿ ಅವರು ವಿಶ್ವ ಹೃದಯ ಒಕ್ಕೂಟದ ಅಧ್ಯಕ್ಷರಾಗಿದ್ದರು. ಗೇರ್ಡ್‌ನರ್ ಪ್ರತಿಷ್ಠಾನದ ವೈಟ್‌ಮನ್ ಪ್ರಶಸ್ತಿ 2014ರಲ್ಲಿ ಅವರಿಗೆ ಸಂದಿತು.

ರೋಗದ ಸ್ವರೂಪ

ಹೃದಯ ಇಡೀ ದೇಹಕ್ಕೆ ರಕ್ತ ಕಳುಹಿಸುತ್ತದೆ. ಅದರ ಸ್ವಂತ ಸ್ನಾಯುವಿಗೆ ರಕ್ತ ಸಿಗುವುದು ಮಾತ್ರ ಮಹಾಧಮನಿಯ ಬುಡದಿಂದ ಕವಲೊಡೆಯುವ ಎಡ ಮತ್ತು ಬಲ ಪರಿಧಮನಿಗಳಿಂದ. ಈ ನಾಳಗಳ ಅಗಲ ಕೆಲವೇ ಮಿಲಿಮೀಟರ್. ನಾಳದ ಒಳಪದರಕ್ಕೆ ಪೆಟ್ಟಾದ ಕಡೆ ಎಲ್‌ಡಿಎಲ್ ಕೊಬ್ಬಿನ ಕಣಗಳು ಒಳನುಸುಳಿ ಉಳಿದುಬಿಡುತ್ತವೆ. ಅವನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತುಂಬಿಕೊಂಡು ಅಲ್ಲೇ ಸಾಯುತ್ತವೆ. ವರ್ಷಗಳು ಉರುಳಿದಂತೆ ಅಲ್ಲಿ ಕೊಬ್ಬು, ನಾರು, ಸುಣ್ಣ ಕೂಡಿದ ಗಂಟು ಬೆಳೆಯುತ್ತದೆ. ಗಂಟು ದೊಡ್ಡದಾದಾಗ ಮೆಟ್ಟಿಲು ಹತ್ತಿದರೆ, ಜೋರಾಗಿ ನಡೆದರೆ ಎದೆ ಬಿಗಿಯುತ್ತದೆ. ಗಂಟಿನ ಮೇಲಿನ ತೆಳು ಹೊದಿಕೆ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಆ ನಾಳವನ್ನೇ ನೆಚ್ಚಿಕೊಂಡ ಸ್ನಾಯು ರಕ್ತವಿಲ್ಲದೆ ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಈ ಗಂಟು ಬೆಳೆಯುವುದಕ್ಕೂ ದೇಹದ ಚಯಾಪಚಯಕ್ಕೂ ಹತ್ತಿರದ ನಂಟಿದೆ. ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರುವ ಕೊಬ್ಬು ಸುಮ್ಮನೆ ಕೂಡಿಟ್ಟ ದಾಸ್ತಾನಲ್ಲ. ಅದು ಕೊಬ್ಬಿನ ಆಮ್ಲಗಳನ್ನು ಯಕೃತ್ತಿನತ್ತ ಹರಿಯಬಿಡುತ್ತದೆ. ಇನ್ಸುಲಿನ್ ಇದ್ದರೂ ಅದರ ಮಾತಿಗೆ ದೇಹ ಓಗೊಡದಂತಾಗುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಟ್ರೈಗ್ಲಿಸರೈಡ್ ಹೆಚ್ಚುತ್ತದೆ, ರಕ್ಷಣೆ ಕೊಡುವ ಎಚ್‌ಡಿಎಲ್ ಇಳಿಯುತ್ತದೆ, ಬಿ.ಪಿ. ಮೇಲೇರುತ್ತದೆ. ಒಂದರ ಬೆನ್ನಿಗೆ ಒಂದು ಬರುವ ಈ ಗುಂಪನ್ನು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರ ತಮ್ಮ ಉಪನ್ಯಾಸದಲ್ಲಿ ‘ಸಿಂಡ್ರೋಮ್ ಎಕ್ಸ್’ ಎಂದು ಕರೆದರು. ಮುಂದೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂಬ ಹೆಸರು ನಿಂತಿತು.

ಸಂಶೋಧನೆಯ ಹಿನ್ನೆಲೆ

ಹೃದಯಾಘಾತಕ್ಕೆ ಕಾರಣವಾಗುವ ಅಪಾಯಾಂಶಗಳ ಅರಿವು ಹೆಚ್ಚಾಗಿ ಬಂದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಿಂದ. 1948ರಲ್ಲಿ ಶುರುವಾದ ಅಧ್ಯಯನ ಅಲ್ಲಿನ 5,209 ಜನರನ್ನು ದಶಕಗಳ ಕಾಲ ಗಮನಿಸಿ ಬಿ.ಪಿ., ಕೊಲೆಸ್ಟ್ರಾಲ್, ಧೂಮಪಾನಗಳ ಪಾತ್ರವನ್ನು ಬಯಲಿಗೆ ತಂದಿತು. ಆದರೆ ಅವರಲ್ಲಿ ಹೆಚ್ಚಿನವರು ಯುರೋಪ್ ಮೂಲದ ಬಿಳಿಯರು. ಅಲ್ಲಿ ಸಿಕ್ಕ ಉತ್ತರ ಮೈಸೂರಿನ ಗುಮಾಸ್ತನಿಗೂ ನೈರೋಬಿಯ ಚಾಲಕನಿಗೂ ಶಾಂಘೈನ ಕಾರ್ಮಿಕಳಿಗೂ ಹೊಂದುತ್ತದೆಯೇ ಎಂಬುದು ಖಚಿತವಿರಲಿಲ್ಲ. ಇದಕ್ಕೆ ಇನ್ನೊಂದು ನಂಬಿಕೆಯೂ ಸೇರಿಕೊಂಡಿತ್ತು. ಗೊತ್ತಿರುವ ಅಪಾಯಾಂಶಗಳು ಅರ್ಧದಷ್ಟು ಹೃದಯಾಘಾತಗಳನ್ನು ಮಾತ್ರ ವಿವರಿಸಬಲ್ಲವು, ಉಳಿದರ್ಧದ ಕಾರಣ ಜೀನುಗಳಲ್ಲೋ ಇನ್ನೆಲ್ಲೋ ಅಡಗಿದೆ ಎಂದು ವೈದ್ಯ ವಲಯದಲ್ಲಿ ಮತ್ತೆ ಮತ್ತೆ ಹೇಳಲಾಗುತ್ತಿತ್ತು. ಭಾರತೀಯರ ವಿಷಯದಲ್ಲಂತೂ ಈ ಮಾತಿಗೆ ಹೆಚ್ಚು ಬಲವಿತ್ತು. ಬ್ರಿಟನ್ನಿಗೋ ಕೆನಡಾಕ್ಕೋ ವಲಸೆ ಹೋದ ಭಾರತೀಯರಿಗೆ ಅಲ್ಲಿನವರಿಗಿಂತ ಹೆಚ್ಚಾಗಿ ಹೃದ್ರೋಗ ಬರುತ್ತಿದ್ದುದು ಕಣ್ಣೆದುರಿಗೇ ಇತ್ತು.

ಬೆಂಗಳೂರಿನ ಅಧ್ಯಯನ

ಯೂಸುಫ್ ಅವರ ಈ ಹುಡುಕಾಟದ ಒಂದು ಮೊದಲ ಹೆಜ್ಜೆ ಮೂಡಿದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್ ಅವರ ಮುಂದಾಳುತನದಲ್ಲಿ ನಡೆದು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನಕ್ಕೆ ಯೂಸುಫ್ ಸಹಲೇಖಕರು. ಮೊದಲ ಸಲ ಹೃದಯಾಘಾತವಾಗಿ ಬಂದ 200 ಜನರನ್ನು, ಅದೇ ವಯಸ್ಸಿನ, ಅದೇ ಲಿಂಗದ, ಹೃದ್ರೋಗವಿಲ್ಲದ 200 ಜನರ ಜೊತೆ ಹೋಲಿಸಿ ನೋಡಲಾಯಿತು.

ಎಲ್ಲಕ್ಕಿಂತ ಎದ್ದು ಕಂಡದ್ದು ಬೀಡಿ, ಸಿಗರೇಟು. ಸೇದುವವರ ಅಪಾಯ 3.6 ಪಟ್ಟು. ಹೊಟ್ಟೆಯ ಬೊಜ್ಜು ಇನ್ನೊಂದು ಪ್ರಬಲ ಕಾರಣ. ಬರಿಹೊಟ್ಟೆಯ ಸಕ್ಕರೆಯ ಮಟ್ಟವೂ ಅಪಾಯದ ಸೂಚಕವಾಗಿತ್ತು. ಆ ಅಪಾಯ ಮಧುಮೇಹದ ಗೆರೆ ದಾಟಿದ ಮೇಲೆ ಶುರುವಾಗುವುದಲ್ಲ. ‘ನಾರ್ಮಲ್’ ಎಂದು ವರದಿಯಲ್ಲಿ ಬರೆಯುವ ಮಟ್ಟದೊಳಗೂ ಸಕ್ಕರೆ ಏರಿದಂತೆಲ್ಲ ಅಪಾಯ ಏರುತ್ತಿತ್ತು. ಸಸ್ಯಾಹಾರಿಗಳಲ್ಲಿ ಅಪಾಯ ಕಡಿಮೆಯಿತ್ತು. ಆದಾಯ ಹೆಚ್ಚಿದ್ದವರಲ್ಲಿಯೂ ಕಡಿಮೆಯಿತ್ತು. ಹೃದ್ರೋಗ ಉಳ್ಳವರ ಕಾಯಿಲೆ ಎಂಬ ನಂಬಿಕೆಗೆ ಬೆಂಗಳೂರಿನ ಆಸ್ಪತ್ರೆಯ ವಾರ್ಡಿನಲ್ಲೇ ಬಿರುಕು ಬಿದ್ದಿತು. ಬೆರಗಿನ ಸಂಗತಿಯೆಂದರೆ, ವಾಡಿಕೆಯ ಕೊಲೆಸ್ಟ್ರಾಲ್ ಪರೀಕ್ಷೆಗಳಲ್ಲಿ ರೋಗಿಗಳಿಗೂ ಆರೋಗ್ಯವಂತರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಈ ಗಂಟು ಬಿಡಿಸಲು 400 ಜನ ಸಾಲದು. ಇನ್ನೂ ಸೂಕ್ಷ್ಮವಾದ ಪರೀಕ್ಷೆ, ಇನ್ನೂ ದೊಡ್ಡ ಸಂಖ್ಯೆ ಬೇಕಿತ್ತು.

ಇಂಟರ್‌ಹಾರ್ಟ್

1999ರ ಫೆಬ್ರವರಿಯಿಂದ 2003ರ ಮಾರ್ಚ್‌ವರೆಗೆ 52 ದೇಶಗಳ 262 ಕೇಂದ್ರಗಳಲ್ಲಿ ಇಂಟರ್‌ಹಾರ್ಟ್ ನಡೆಯಿತು. ಮೊದಲ ಹೃದಯಾಘಾತವಾದ 15,152 ಜನ, ಅವರೊಂದಿಗೆ ಹೋಲಿಸಲು 14,820 ಜನ. ಎದೆನೋವು ಶುರುವಾಗಿ 24 ಗಂಟೆಯೊಳಗೆ ತೀವ್ರ ನಿಗಾ ಘಟಕ ಸೇರಿದ ರೋಗಿಯ ಒಪ್ಪಿಗೆ ಪಡೆದು, ಅದೇ ಲಿಂಗದ, ಐದು ವರ್ಷಕ್ಕಿಂತ ಹೆಚ್ಚು ವಯಸ್ಸಿನ ಅಂತರವಿಲ್ಲದ ಇನ್ನೊಬ್ಬರನ್ನು ಆಸ್ಪತ್ರೆಯಿಂದಲೋ ನೆರೆಹೊರೆಯಿಂದಲೋ ಹುಡುಕಬೇಕು. ಇಬ್ಬರಿಗೂ ಅವೇ ಪ್ರಶ್ನೆಗಳು, ಅವೇ ಅಳತೆಗಳು. ಬಳಿಕ ರಕ್ತ ತೆಗೆದು, ಹೆಪ್ಪುಗಟ್ಟುವ ಶೀತದಲ್ಲಿ ಇಟ್ಟು, ಹ್ಯಾಮಿಲ್ಟನ್ನಿನ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತಿತ್ತು. ಚೀನಾದ ಮಾದರಿಗಳ ಪರೀಕ್ಷೆ ಬೀಜಿಂಗಿನಲ್ಲೇ ನಡೆಯಿತು.

ಹೃದಯಾಘಾತವಾಗಿ ಮಲಗಿರುವವರನ್ನು ‘ಬರಿಹೊಟ್ಟೆಯಲ್ಲಿ ಬನ್ನಿ’ ಎಂದು ಕೇಳುವಂತಿಲ್ಲ. ಅದಕ್ಕಾಗಿ ಸಂಶೋಧಕರು ಉಪವಾಸದ ಹಂಗಿಲ್ಲದ ಎರಡು ಪ್ರೋಟೀನುಗಳನ್ನು ಆರಿಸಿಕೊಂಡರು. ಎಲ್‌ಡಿಎಲ್‌ನಂಥ ಕೆಟ್ಟ ಕೊಬ್ಬಿನ ಪ್ರತಿಯೊಂದು ಕಣವೂ ತನ್ನ ಮೈಮೇಲೆ ಅಪೋ-ಬಿ ಎಂಬ ಒಂದೇ ಒಂದು ಪ್ರೋಟೀನನ್ನು ಹೊತ್ತಿರುತ್ತದೆ. ಅಪೋ-ಬಿ ಎಣಿಸಿದರೆ ಕಣಗಳನ್ನೇ ಎಣಿಸಿದಂತೆ. ಅಪೋ-ಎ1 ಒಳ್ಳೆಯ ಕೊಬ್ಬಾದ ಎಚ್‌ಡಿಎಲ್‌ನ ಮುಖ್ಯ ಪ್ರೋಟೀನು. ಇವೆರಡರ ಅನುಪಾತ ಕೆಟ್ಟದ್ದು ಒಳ್ಳೆಯದ್ದರ ತಕ್ಕಡಿಯನ್ನು ಒಂದೇ ಅಂಕಿಯಲ್ಲಿ ತೋರಿಸುತ್ತದೆ. ಬೆಂಗಳೂರಿನಲ್ಲಿ ಕೊಲೆಸ್ಟ್ರಾಲಿನ ವಿಷಯದಲ್ಲಿ ಕೈಗೆ ಸಿಗದಿದ್ದ ವ್ಯತ್ಯಾಸ ಈ ಅಳತೆಯಲ್ಲಿ ಸ್ಪಷ್ಟವಾಗಿ ಸಿಕ್ಕಿತು.

2004ರ ಸೆಪ್ಟೆಂಬರಿನಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಫಲಿತಾಂಶದಲ್ಲಿ ಒಂಬತ್ತು ಅಂಶಗಳಿದ್ದವು. ಅಪಾಯ ಹೆಚ್ಚಿಸುವ ಆರರ ಬಲ ಹೀಗಿತ್ತು:

ಅಪೋ-ಬಿ ಮತ್ತು ಅಪೋ-ಎ1 ಅನುಪಾತ (ಅತಿ ಹೆಚ್ಚಿದ್ದ ಐದನೇ ಒಂದು ಭಾಗದವರಲ್ಲಿ, ಅತಿ ಕಡಿಮೆಯಿದ್ದವರಿಗೆ ಹೋಲಿಸಿದರೆ) – 3.25 ಪಟ್ಟು
ಧೂಮಪಾನ – 2.87 ಪಟ್ಟು
ಮಾನಸಿಕ, ಸಾಮಾಜಿಕ ಒತ್ತಡಗಳು – 2.67 ಪಟ್ಟು
ಸಕ್ಕರೆ ಕಾಯಿಲೆ – 2.37 ಪಟ್ಟು
ಅಧಿಕ ರಕ್ತದೊತ್ತಡ – 1.91 ಪಟ್ಟು
ಹೊಟ್ಟೆಯ ಬೊಜ್ಜು (ಅತಿ ಹೆಚ್ಚಿದ್ದ ಮೂರನೇ ಒಂದು ಭಾಗದವರಲ್ಲಿ) – 1.62 ಪಟ್ಟು

ದಿನವೂ ಹಣ್ಣು ತರಕಾರಿ ತಿನ್ನುವುದು ಮತ್ತು ನಿಯಮಿತ ವ್ಯಾಯಾಮ ಅಪಾಯ ತಗ್ಗಿಸುವವು. ಮಿತ ಮದ್ಯಪಾನವೂ ಒಟ್ಟು ಲೆಕ್ಕದಲ್ಲಿ ಸಣ್ಣ ರಕ್ಷಣೆ ಕೊಡುವಂತೆ ತೋರಿತು. ಆದರೆ ದಕ್ಷಿಣ ಏಷ್ಯಾದವರನ್ನೇ ಬೇರೆಯಾಗಿ ನೋಡಿದಾಗ ಮದ್ಯದಿಂದ ಅಂಥ ಲಾಭವೇನೂ ಕಾಣಲಿಲ್ಲ.

ಈ ಒಂಬತ್ತೂ ಕೂಡಿ ಗಂಡಸರಲ್ಲಿ ಶೇ. 90ರಷ್ಟು, ಹೆಂಗಸರಲ್ಲಿ ಶೇ. 94ರಷ್ಟು ಅಪಾಯವನ್ನು ವಿವರಿಸಿದವು. ಇದರ ಅರ್ಥ ಪ್ರತಿಯೊಬ್ಬ ರೋಗಿಯ ಭವಿಷ್ಯವನ್ನೂ ಶೇ. 90ರಷ್ಟು ಖಚಿತವಾಗಿ ಹೇಳಬಹುದೆಂದಲ್ಲ. ಇಡೀ ಜನಸಮುದಾಯದಿಂದ ಈ ಅಂಶಗಳು ತೊಲಗಿದರೆ ಮೊದಲ ಹೃದಯಾಘಾತಗಳಲ್ಲಿ ಎಷ್ಟು ಪಾಲು ತಪ್ಪಬಹುದಿತ್ತು ಎಂಬ ಅಂದಾಜು ಅದು. ಒಬ್ಬರಲ್ಲೇ ಹಲವು ಅಂಶಗಳು ಕೂಡಿ ಕೆಲಸ ಮಾಡುವುದರಿಂದ ಒಂದೊಂದರ ಪಾಲನ್ನೂ ಬಿಡಿಯಾಗಿ ಕೂಡಿಸಿದರೆ ಮೊತ್ತ ನೂರನ್ನು ದಾಟುತ್ತದೆ. ಜೀನುಗಳ ಪಾತ್ರವನ್ನೂ ಇದು ಅಲ್ಲಗಳೆಯುವುದಿಲ್ಲ. ವಂಶದ ಪ್ರಭಾವ ಬಹಳಷ್ಟು ಸಲ ಇವೇ ಅಂಶಗಳ ಮೂಲಕ ಹಾದುಬರುತ್ತದೆ. ಅಪ್ಪನಿಂದ ಮಗನಿಗೆ ಹೃದಯಾಘಾತ ನೇರವಾಗಿ ಬರುವುದಕ್ಕಿಂತ, ಬಿ.ಪಿ.ಯೋ ಸಕ್ಕರೆಯೋ ಕೊಬ್ಬಿನ ಏರುಪೇರೋ ಬರುವುದು ಹೆಚ್ಚು.

ತಂಬಾಕಿನ ಬಗ್ಗೆ 2006ರಲ್ಲಿ ಬಂದ ಇಂಟರ್‌ಹಾರ್ಟ್‌ನ ಇನ್ನೊಂದು ವರದಿ ನಮ್ಮ ನಾಡಿನವರು ಗಮನಿಸಬೇಕಾದದ್ದು. ಬೀಡಿ ಮಾತ್ರ ಸೇದುವವರ ಅಪಾಯ 2.89 ಪಟ್ಟು, ತಂಬಾಕು ಮಾತ್ರ ಜಗಿಯುವವರದು 2.23 ಪಟ್ಟು ಹೆಚ್ಚಿತ್ತು. ಬೀಡಿ ಸಣ್ಣದು, ಕಡ್ಡಿಪುಡಿಯಲ್ಲಿ ಹೊಗೆಯಿಲ್ಲ ಎಂಬ ಸಮಾಧಾನಕ್ಕೆ ಇಲ್ಲಿ ಆಸ್ಪದವಿಲ್ಲ. ತಂಬಾಕು ಬಿಟ್ಟವರಲ್ಲಿ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು ಎಂಬುದು ಅದೇ ವರದಿಯ ಒಳ್ಳೆಯ ಸುದ್ದಿ.

ತೂಕಕ್ಕಿಂತ ಟೇಪು

ಬೊಜ್ಜನ್ನು ಅಳೆಯುವ ವಾಡಿಕೆಯ ಲೆಕ್ಕ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ಸಿಗುವ ಬಿಎಂಐ. 2005ರಲ್ಲಿ 27,098 ಜನರ ಮಾಹಿತಿ ಆಧರಿಸಿ ಯೂಸುಫ್ ಮತ್ತು ಸಂಗಡಿಗರು ಈ ವಾಡಿಕೆಯನ್ನು ಒರೆಗೆ ಹಚ್ಚಿದರು.

ಅಳತೆ ಸರಳವಾದರೂ ಕರಾರುವಾಕ್ಕಾಗಿರಬೇಕಿತ್ತು. ಹಿಗ್ಗದ ಟೇಪು ಬೇಕು. ಬಟ್ಟೆ ಸರಿಸಿ, ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಎಲ್ಲಿ ದೇಹ ಅತಿ ಕಿರಿದೋ ಅಲ್ಲಿ ಟೇಪು ಸುತ್ತಬೇಕು. ಅದು ಪ್ಯಾಂಟಿನ ಬೆಲ್ಟ್ ಕೂರುವ ಜಾಗವಲ್ಲ. ಹೊಟ್ಟೆ ಕೆಳಗಿಳಿದವರ ಬೆಲ್ಟ್ ಅದಕ್ಕೂ ಕೆಳಗೆ ಜಾರಿರುತ್ತದೆ, ಅದರ ಅಳತೆ ನಂಬಿದರೆ ಮೋಸ. ಆಮೇಲೆ ನಿತಂಬದ ಅತಿ ಅಗಲದ ಭಾಗದಲ್ಲಿ ಇನ್ನೊಂದು ಸುತ್ತು. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿದರೆ ಸೊಂಟ–ನಿತಂಬ ಅನುಪಾತ ಸಿಗುತ್ತದೆ.

ಈ ಅನುಪಾತ ಏರಿದಂತೆ ಹೃದಯಾಘಾತದ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಕೆಳಗಿನ ಐದನೇ ಒಂದು ಭಾಗದವರಿಗೆ ಹೋಲಿಸಿದರೆ ಅತಿ ಮೇಲಿನವರ ಅಪಾಯ 2.52 ಪಟ್ಟು. ಬಿಎಂಐನ ಇದೇ ಹೋಲಿಕೆಯಲ್ಲಿ ಸಿಕ್ಕಿದ್ದು 1.44 ಮಾತ್ರ, ಸೊಂಟದ ಅನುಪಾತವನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ಅದೂ ಬಹುಮಟ್ಟಿಗೆ ಕರಗಿತು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. ತೂಕದ ಯಂತ್ರ ಅಂಥವರನ್ನು ‘ಸರಿಯಾಗಿದ್ದೀರಿ’ ಎಂದು ಕಳುಹಿಸಿಬಿಡುತ್ತದೆ. ದರ್ಜಿಯ ಬಳಿ ಇರುವ ಟೇಪು ಅವರನ್ನು ಹಿಡಿಯುತ್ತದೆ.

2010ರಲ್ಲಿ ಆಂಡ್ರ್ಯೂ ಮೆಂಟೆ ಮೊದಲಾದವರೊಂದಿಗೆ ಪ್ರಕಟಿಸಿದ ಇನ್ನೊಂದು ವಿಶ್ಲೇಷಣೆ 26,903 ಜನರಲ್ಲಿ ಮೆಟಬಾಲಿಕ್ ಸಿಂಡ್ರೋಮನ್ನೇ ಪರೀಕ್ಷಿಸಿತು. ಸಿಂಡ್ರೋಮ್ ಇದ್ದವರ ಅಪಾಯ, ಯಾವ ವ್ಯಾಖ್ಯೆ ಬಳಸುತ್ತೇವೆ ಎಂಬುದರ ಮೇಲೆ, ಎರಡರಿಂದ ಮೂರು ಪಟ್ಟಿನ ನಡುವೆ ಇತ್ತು. ಆದರೆ ಸಕ್ಕರೆ ಕಾಯಿಲೆಯೊಂದೇ ಅಥವಾ ಬಿ.ಪಿ.ಯೊಂದೇ ತರುವ ಅಪಾಯಕ್ಕಿಂತ ಅದು ಹೆಚ್ಚೇನಿರಲಿಲ್ಲ. ಗುಂಪಿಗೆ ಹೆಸರಿಡುವುದರಿಂದ ಚಿಕಿತ್ಸೆಗೆ ಹೊಸದೇನೂ ಸೇರುವುದಿಲ್ಲ, ಗುಂಪಿನ ಒಂದೊಂದು ಸದಸ್ಯನನ್ನೂ ಹತೋಟಿಗೆ ತರುವುದೇ ಮುಖ್ಯ ಎಂಬುದು ಇದರ ತಾತ್ಪರ್ಯ.

ದಕ್ಷಿಣ ಏಷ್ಯಾದವರಲ್ಲಿ

ಕೆನಡಾದಲ್ಲಿ ನೆಲೆಸಿರುವ ಮೂರು ಮೂಲದ ಜನರನ್ನು ಹೋಲಿಸಿದ ಶೇರ್ ಅಧ್ಯಯನ (2000) ಸೋನಿಯಾ ಆನಂದ್ ಮತ್ತು ಯೂಸುಫ್ ಅವರದು. ಹೃದಯ, ರಕ್ತನಾಳಗಳ ಕಾಯಿಲೆ ದಕ್ಷಿಣ ಏಷ್ಯಾ ಮೂಲದವರಲ್ಲಿ ಶೇ. 10.7, ಯುರೋಪ್ ಮೂಲದವರಲ್ಲಿ ಶೇ. 5.4, ಚೀನಾ ಮೂಲದವರಲ್ಲಿ ಶೇ. 2.4 ಇತ್ತು. ಹಾಗಾದರೆ ನಮ್ಮ ಮೈಯೇ ಬೇರೆಯೇ?

ಪ್ರಶಾಂತ ಜೋಶಿ ಮೊದಲ ಲೇಖಕರಾಗಿ 2007ರಲ್ಲಿ ಬಂದ ಇಂಟರ್‌ಹಾರ್ಟ್‌ನ ದಕ್ಷಿಣ ಏಷ್ಯಾ ವರದಿ ಇದಕ್ಕೆ ಉತ್ತರ ಕೊಟ್ಟಿತು. ಐದು ದೇಶಗಳ 1,732 ರೋಗಿಗಳು, 2,204 ಆರೋಗ್ಯವಂತರು ಇದರಲ್ಲಿದ್ದರು. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದಲ್ಲಿ 53, ಉಳಿದ ಕಡೆ 58.8. ಅಂದರೆ ಸುಮಾರು ಆರು ವರ್ಷ ಮೊದಲು. ಮಗಳ ಮದುವೆ, ಮಗನ ಓದು, ಮನೆಯ ಸಾಲ ಎಲ್ಲವೂ ಇನ್ನೂ ಬಾಕಿಯಿರುವ ವಯಸ್ಸು ಅದು. 40ರ ಒಳಗೇ ಹೃದಯಾಘಾತಕ್ಕೆ ಒಳಗಾದವರ ಪ್ರಮಾಣ ಇಲ್ಲಿ ಶೇ. 8.9, ಬೇರೆಡೆ ಶೇ. 4.4.

ಕಾರಣ ಮಾತ್ರ ಬೇರೆಯಾಗಿರಲಿಲ್ಲ. ಅವೇ ಒಂಬತ್ತು ಅಂಶಗಳು ಇಲ್ಲಿಯೂ ಬಹುಪಾಲು ಅಪಾಯವನ್ನು ವಿವರಿಸಿದವು. ವ್ಯತ್ಯಾಸ ಇದ್ದದ್ದು ಅವು ಬರುವ ಕಾಲದಲ್ಲಿ: ಇಲ್ಲಿ ಅವು ಚಿಕ್ಕ ವಯಸ್ಸಿಗೇ ಬಂದು ಸೇರುತ್ತಿದ್ದವು. ಕಾಯುವ ಅಂಶಗಳೂ ಇಲ್ಲಿ ಕಡಿಮೆ. ಹೋಲಿಕೆಗೆಂದು ಆರಿಸಿದ ಆರೋಗ್ಯವಂತರಲ್ಲೇ ನೋಡಿದರೆ, ನಿಯಮಿತವಾಗಿ ವ್ಯಾಯಾಮ ಮಾಡುತ್ತಿದ್ದವರು ಇಲ್ಲಿ ಶೇ. 6.1, ಬೇರೆಡೆ ಶೇ. 21.6. ದಿನವೂ ಹಣ್ಣು ತರಕಾರಿ ತಿನ್ನುತ್ತಿದ್ದವರು ಇಲ್ಲಿ ಶೇ. 26.5, ಬೇರೆಡೆ ಶೇ. 45.2. ಸಸ್ಯಾಹಾರದ ಹೆಮ್ಮೆಯಿರುವ ನಾಡಿನ ತಟ್ಟೆಯಲ್ಲಿ ಅನ್ನದ ರಾಶಿಯ ಪಕ್ಕ ಪಲ್ಯ ಎಷ್ಟಿದೆ ಎಂದು ನೋಡಿಕೊಳ್ಳಲು ಈ ಎರಡು ಅಂಕಿಗಳು ಸಾಕು.

ಪ್ಯೂರ್: ಅಪಾಯ ಒಂದು ಕಡೆ, ಸಾವು ಇನ್ನೊಂದು ಕಡೆ

ಇಂಟರ್‌ಹಾರ್ಟ್ ಕಾಯಿಲೆಯಾದ ಮೇಲೆ ಹಿಂದಕ್ಕೆ ತಿರುಗಿ ಕಾರಣ ಹುಡುಕಿತು. ಯೂಸುಫ್ ಬಳಗದ ಪ್ಯೂರ್ ಅಧ್ಯಯನ 35ರಿಂದ 70ರ ವಯೋಮಾನದವರನ್ನು ಅವರವರ ಊರು, ಕೇರಿಗಳಲ್ಲೇ ಸೇರಿಸಿಕೊಂಡು ಮುಂದಕ್ಕೆ ಗಮನಿಸುತ್ತಾ ಬಂದಿದೆ. ಭಾರತದಲ್ಲಿ ಇದರ ಮುಖ್ಯ ಕೇಂದ್ರಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಒಂದು.

2014ರಲ್ಲಿ ಬಂದ ಅದರ ವರದಿ ಎಲ್ಲರನ್ನೂ ನಿಲ್ಲಿಸಿ ಯೋಚಿಸುವಂತೆ ಮಾಡಿತು. 17 ದೇಶಗಳ 1,56,424 ಜನರಲ್ಲಿ ಅಪಾಯಾಂಶಗಳ ಹೊರೆ ಅತಿ ಹೆಚ್ಚಿದ್ದದ್ದು ಶ್ರೀಮಂತ ದೇಶಗಳಲ್ಲಿ, ಅತಿ ಕಡಿಮೆ ಇದ್ದದ್ದು ಬಡ ದೇಶಗಳಲ್ಲಿ. ಆದರೆ ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯ, ಹೃದ್ರೋಗದ ಸಾವುಗಳ ಪ್ರಮಾಣ ತಿರುಗುಮುರುಗಾಗಿತ್ತು. ಒಂದು ಸಾವಿರ ಜನರಿಗೆ ವರ್ಷಕ್ಕೆ ಶ್ರೀಮಂತ ದೇಶಗಳಲ್ಲಿ 3.99, ಬಡ ದೇಶಗಳಲ್ಲಿ 6.43. ಕಾಯಿಲೆ ಬಂದವರಲ್ಲಿ ಸಾಯುವವರು ಶ್ರೀಮಂತ ದೇಶಗಳಲ್ಲಿ ಶೇ. 6.5 ಆದರೆ ಬಡ ದೇಶಗಳಲ್ಲಿ ಶೇ. 17.3. ಅಪಾಯಾಂಶ ಹೆಚ್ಚಿದ್ದರೂ ಅದನ್ನು ಗುರುತಿಸಿ, ಮಾತ್ರೆ ಕೊಟ್ಟು, ಆಘಾತವಾದಾಗ ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಮಾಡುವ ವ್ಯವಸ್ಥೆಯಿದ್ದರೆ ಜನ ಉಳಿಯುತ್ತಾರೆ.

ಮಾತ್ರೆಯ ಕಥೆಯನ್ನು 2011ರ ವರದಿ ಆಗಲೇ ಹೇಳಿತ್ತು. ಒಮ್ಮೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ ಆಸ್ಪಿರಿನ್‌ನಂಥ ಔಷಧ, ಬೀಟಾ ಬ್ಲಾಕರ್, ಬಿ.ಪಿ. ಇಳಿಸುವ ಎಸಿಇ ಇನ್‌ಹಿಬಿಟರ್ ಗುಂಪಿನ ಔಷಧ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಬೇಕಾಗುತ್ತವೆ. ಬಡ ದೇಶಗಳಲ್ಲಿ ಇಂಥ ರೋಗಿಗಳ ಪೈಕಿ ಶೇ. 80ರಷ್ಟು ಮಂದಿ ಇವುಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಸ್ಟ್ಯಾಟಿನ್ ಸಿಗುತ್ತಿದ್ದುದು ಶೇ. 3.3 ಜನರಿಗೆ. ಇವು ಪೇಟೆಂಟ್ ಮುಗಿದ, ಅಗ್ಗದ ಮಾತ್ರೆಗಳು.

2020ರಲ್ಲಿ 21 ದೇಶಗಳ 1,55,722 ಜನರ ಲೆಕ್ಕ ಬಂತು. ತಿದ್ದಬಹುದಾದ 14 ಅಂಶಗಳು ಹೃದಯ, ರಕ್ತನಾಳಗಳ ಕಾಯಿಲೆಯ ಸುಮಾರು ಶೇ. 70ಕ್ಕೆ ಕಾರಣ. ಅದರಲ್ಲಿ ಸಿಂಹಪಾಲು, ಶೇ. 41.2, ಚಯಾಪಚಯದ ಅಂಶಗಳದ್ದು, ಬಿ.ಪಿ.ಯೊಂದರ ಪಾಲೇ ಶೇ. 22.3. ಸಾವಿನ ಲೆಕ್ಕ ತೆಗೆದಾಗ ಮುಂದೆ ಬಂದ ಅಂಶವೊಂದು ರಕ್ತಪರೀಕ್ಷೆಯಲ್ಲಿ ಕಾಣುವುದಲ್ಲ. ಅದು ಓದಿನ ಕೊರತೆ.

ಬೆಂಗಳೂರಿನಿಂದಲೇ ಮುನ್ನಡೆಸಿದ ಕ್ರಿಯೇಟ್ ಎಂಬ ಹೃದ್ರೋಗಿಗಳ ನೋಂದಣಿ (2008) ಭಾರತದೊಳಗಿನ ಇದೇ ಅಂತರವನ್ನು ದಾಖಲಿಸಿದೆ. ಡೆನಿಸ್ ಕ್ಸೇವಿಯರ್, ಪ್ರೇಮ್ ಪೈಸ್, ಯೂಸುಫ್ ಮೊದಲಾದವರು 89 ಕೇಂದ್ರಗಳ 20,937 ರೋಗಿಗಳನ್ನು ನೋಡಿದರು. ನೋವು ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿದು ಮಲಗುವ, ವಾಹನ ಹುಡುಕುವ, ಹಣ ಹೊಂದಿಸುವ ಹೊತ್ತೆಲ್ಲ ಈ ಆರು ಗಂಟೆಯೊಳಗಿದೆ. 30 ದಿನಗಳೊಳಗೆ ತೀರಿಕೊಂಡವರು ಬಡವರಲ್ಲಿ ಶೇ. 8.2, ಉಳ್ಳವರಲ್ಲಿ ಶೇ. 5.5. ಚಿಕಿತ್ಸೆಯಲ್ಲಿನ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ ಈ ಅಂತರ ಉಳಿಯಲಿಲ್ಲ. ಬಡವರು ಸತ್ತದ್ದು ಬಡತನದ ಹೃದಯದಿಂದಲ್ಲ, ಸಿಗದ ಚಿಕಿತ್ಸೆಯಿಂದ.

ಔಷಧ ಪ್ರಯೋಗಗಳು ಮತ್ತು ಪಾಲಿಪಿಲ್

ಕಾರಣ ಹುಡುಕುವುದರ ಜೊತೆಗೇ ಪರಿಹಾರದ ಪ್ರಯೋಗಗಳೂ ಸಾಗಿದವು. 9,297 ಜನರನ್ನೊಳಗೊಂಡ ಹೋಪ್ ಪ್ರಯೋಗ (2000) ರಾಮಿಪ್ರಿಲ್ ಔಷಧ ಹೃದ್ರೋಗದ ಸಾವು, ಹೃದಯಾಘಾತ, ಪಾರ್ಶ್ವವಾಯುಗಳನ್ನು ಶೇ. 17.8ರಿಂದ 14ಕ್ಕೆ ಇಳಿಸುತ್ತದೆಂದು ತೋರಿಸಿತು. ಅದೇ ಪ್ರಯೋಗ ಆಗ ಬಹಳ ಜನ ನಂಬಿದ್ದ ವಿಟಮಿನ್ ಇ ಮಾತ್ರೆಯಿಂದ ಹೃದಯಕ್ಕೆ ಪ್ರಯೋಜನವಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿತು. ಕ್ಲೊಪಿಡೊಗ್ರೆಲ್ ಔಷಧದ ಬಳಕೆಗೆ ದಾರಿ ಮಾಡಿದ ಕ್ಯೂರ್ (2001), ಹೃದ್ರೋಗ ಇನ್ನೂ ಬಾರದವರಲ್ಲಿ ಸ್ಟ್ಯಾಟಿನ್‌ನ ಲಾಭ ತೋರಿಸಿದ ಹೋಪ್-3 (2016) ಅವರ ಮುಂದಾಳುತನದ ಇತರ ಮುಖ್ಯ ಪ್ರಯೋಗಗಳು.

ಹಲವು ಔಷಧಗಳನ್ನು ಕೂಡಿಸಿ ಕೊಟ್ಟರೆ ಮರುಕಳಿಸುವ ಆಘಾತಗಳನ್ನು ಮುಕ್ಕಾಲುಪಾಲು ತಡೆಯಬಹುದೆಂದು ಯೂಸುಫ್ 2002ರಲ್ಲೇ ಲೆಕ್ಕ ಹಾಕಿದ್ದರು. ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸುವ ಪಾಲಿಪಿಲ್ ಎಂಬ ಹೆಸರನ್ನು ಮರುವರ್ಷ ಬ್ರಿಟನ್ನಿನ ನಿಕೊಲಸ್ ವಾಲ್ಡ್ ಮತ್ತು ಮಾಲ್ಕಂ ಲಾ ಜನಪ್ರಿಯಗೊಳಿಸಿದರು. ಅದರ ಮೊದಲ ದೊಡ್ಡ ಪರೀಕ್ಷೆಗಳಲ್ಲೊಂದು ನಡೆದದ್ದು ಭಾರತದಲ್ಲಿ. ಅಹಮದಾಬಾದಿನ ಕಂಪನಿಯೊಂದು ತಯಾರಿಸಿದ ಪಾಲಿಕ್ಯಾಪ್ ಗುಳಿಗೆಯಲ್ಲಿ ಬಿ.ಪಿ.ಗೆ ಮೂರು ಔಷಧ, ಕೊಲೆಸ್ಟ್ರಾಲಿಗೆ ಸಿಮ್‌ವಸ್ಟ್ಯಾಟಿನ್ 20 ಮಿ.ಗ್ರಾಂ, ಜೊತೆಗೆ ಆಸ್ಪಿರಿನ್ 100 ಮಿ.ಗ್ರಾಂ ಇದ್ದವು. ದೇಶದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ನಡೆದ ಟಿಪ್ಸ್ ಪ್ರಯೋಗ (2009) ಐದೂ ಔಷಧಗಳು ಒಂದೇ ಗುಳಿಗೆಯಲ್ಲಿ ತಂತಮ್ಮ ಕೆಲಸ ಮಾಡುತ್ತವೆಂದು ಖಚಿತಪಡಿಸಿತು. 5,713 ಜನರ ಟಿಪ್ಸ್-3 ಪ್ರಯೋಗದಲ್ಲಿ ಸರಾಸರಿ 4.6 ವರ್ಷಗಳ ಬಳಿಕ, ಪಾಲಿಪಿಲ್ ಮತ್ತು ಆಸ್ಪಿರಿನ್ ಪಡೆದವರಲ್ಲಿ ಹೃದಯದ ತೊಂದರೆಗಳು ಶೇ. 4.1, ಬರಿ ಹುಸಿ ಮಾತ್ರೆ ಪಡೆದವರಲ್ಲಿ ಶೇ. 5.8 ಇದ್ದವು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪಾಲಿಪಿಲ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಚರ್ಚೆ, ಟೀಕೆ

ಯೂಸುಫ್ ಬಳಗದ ಎಲ್ಲ ನಿರ್ಣಯಗಳೂ ಒಪ್ಪಿಗೆ ಪಡೆದಿಲ್ಲ. ಉಪ್ಪು ತೀರಾ ಕಡಿಮೆಯಾದರೂ ಅಪಾಯ ಎಂಬ ಪ್ಯೂರ್‌ನ 2014ರ ನಿಲುವಿಗೆ ತೀವ್ರ ವಿರೋಧ ಬಂತು. ಒಂದೇ ಹೊತ್ತಿನ ಮೂತ್ರದ ಮಾದರಿಯಿಂದ ಇಡೀ ದಿನದ ಉಪ್ಪನ್ನು ಅಂದಾಜು ಮಾಡುವುದು ಸರಿಯಲ್ಲ, ಕಾಯಿಲೆಯಿಂದಾಗಿ ಊಟ ಬಿಟ್ಟವರು ಉಪ್ಪು ಕಡಿಮೆ ತಿನ್ನುವವರ ಗುಂಪಿಗೆ ಸೇರಿಹೋಗಬಹುದು ಎಂಬುದು ಟೀಕಾಕಾರರ ವಾದ. ಕೊಬ್ಬಿಗಿಂತ ಹೆಚ್ಚಾದ ಪಿಷ್ಟವೇ ಕೆಡುಕು ಎಂಬರ್ಥದ 2017ರ ವರದಿಗೂ ಹೀಗೇ ಆಕ್ಷೇಪ ಬಂತು. ಬರಿ ಅನ್ನದಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದು ಬಡತನದ ಗುರುತು, ಸಾವಿಗೆ ಕಾರಣ ಅನ್ನವೋ ಬಡತನವೋ ಎಂದು ಬಿಡಿಸಿ ಹೇಳುವುದು ಕಷ್ಟ. ಇಂಟರ್‌ಹಾರ್ಟ್‌ಗೂ ತನ್ನದೇ ಮಿತಿಯಿದೆ. ಆಘಾತವಾದ ಮೇಲೆ ಒತ್ತಡ, ಊಟಗಳ ಬಗ್ಗೆ ಕೇಳಿದರೆ ನೆನಪು ಬಣ್ಣ ಕಟ್ಟಬಹುದು. ಆದರೆ ರಕ್ತದ ಅಪೋ-ಬಿ, ಸೊಂಟದ ಸುತ್ತಳತೆಗಳಿಗೆ ನೆನಪಿನ ದೋಷವಿಲ್ಲ. ತಂಬಾಕು, ಬಿ.ಪಿ., ಸಕ್ಕರೆ, ಕೊಬ್ಬು, ಹೊಟ್ಟೆಯ ಬೊಜ್ಜುಗಳ ಕುರಿತ ಮೂಲ ತೀರ್ಮಾನ ಈ ಚರ್ಚೆಗಳ ನಡುವೆಯೂ ಅಲುಗಿಲ್ಲ.

ಮಹತ್ವ

ಈ ಸಂಶೋಧನೆಯ ಮೊದಲ ಕೊಡುಗೆ ತಿಳಿವಳಿಕೆಯದು. ಹೃದಯಾಘಾತ ಸಿಡಿಲಿನಂತೆ ಎರಗಿದಂತೆ ಕಂಡರೂ ಅದು ಇಪ್ಪತ್ತು ಮೂವತ್ತು ವರ್ಷ ಮೆಲ್ಲಗೆ ಕೂಡಿಬಂದ ಸಂಗತಿ. ಬರುವ ದಾರಿಯಲ್ಲಿ ಅದು ಬಿಟ್ಟ ಗುರುತುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರುವ ಬಿ.ಪಿ. ಯಂತ್ರ, ಬೆರಳಿನ ಒಂದು ಹನಿ ರಕ್ತ, ಒಂದು ಟೇಪು ಓದಬಲ್ಲವು. ಎರಡನೆಯ ಕೊಡುಗೆ ನ್ಯಾಯದ ಪ್ರಶ್ನೆಯದು. ಕಾರಣ ಎಲ್ಲ ಕಡೆಯೂ ಒಂದೇ ಆಗಿರುವಾಗ ಸಾವಿನ ಪ್ರಮಾಣ ಬೇರೆಯಾಗಿದ್ದರೆ ಅದಕ್ಕೆ ಉತ್ತರ ಕೊಡಬೇಕಾದದ್ದು ಆರೋಗ್ಯ ವ್ಯವಸ್ಥೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ಕರ್ನಾಟಕದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಇದೇ ದಿಕ್ಕಿನ ಹೆಜ್ಜೆ. ಕ್ರಿಯೇಟ್ ದಾಖಲಿಸಿದ ಆರು ಗಂಟೆಯನ್ನು ಕುಗ್ಗಿಸಬಲ್ಲ ಕೆಲಸ ಅದು.

ಅದಕ್ಕೂ ಮುಂಚಿನ ವರ್ಷಗಳ ಕೆಲಸ ಇನ್ನೂ ದೊಡ್ಡದು. ಮೂವತ್ತರ ಹರೆಯದಲ್ಲೇ ಬಿ.ಪಿ. ನೋಡಿಸುವುದು, ಬೀಡಿ ಬಿಡಿಸುವುದು, ಗೊತ್ತಾದ ಸಕ್ಕರೆಗೆ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು. 1996ರಲ್ಲಿ ಬೆಂಗಳೂರಿನ 200 ರೋಗಿಗಳು ತಮ್ಮ ಮೈಯಿಂದ ಹೇಳಿದ್ದು ಇದನ್ನೇ. 52 ದೇಶಗಳ ಹದಿನೈದು ಸಾವಿರ ರೋಗಿಗಳು ಅದಕ್ಕೆ ದನಿಗೂಡಿಸಿದರು.